ಟಾಮ್ ಕಿಲ್ಬರ್ನ್

ಟಾಮ್ ಕಿಲ್ಬರ್ನ್ (ಆಗಸ್ಟ್ 11, 1921 – ಜನವರಿ 17, 2001) ಇಂಗ್ಲೆಂಡಿನ ಗಣಿತಜ್ಞ ಹಾಗೂ ಗಣಕವಿಜ್ಞಾನಿ. ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಸುಮಾರು ಮೂವತ್ತೈದು ವರ್ಷಗಳ ಕಾಲ ಕಾರ್ಯನಿರ್ವಹಿಸಿದ ಇವರು ಐದು ಪ್ರಮುಖ ಗಣಕಯಂತ್ರಗಳ ವಿನ್ಯಾಸದಲ್ಲಿ ಮುಖ್ಯ ಪಾತ್ರ ವಹಿಸಿದರು. ಪ್ರೋಗ್ರಾಮನ್ನು ತನ್ನದೇ ವಿದ್ಯುನ್ಮಾನ ಸ್ಮೃತಿಯಲ್ಲಿ ಸಂಗ್ರಹಿಸಿಕೊಂಡು ನಡೆಸಿದ ಮೊದಲ ಯಂತ್ರ ಇವುಗಳಲ್ಲಿ ಮೊದಲನೆಯದು. ನಾಲ್ಕನೆಯದಾದ ಅಟ್ಲಾಸ್ ಗಣಕಯಂತ್ರದಲ್ಲಿ ಕಿಲ್ಬರ್ನ್ ಮತ್ತು ಅವರ ಸಹೋದ್ಯೋಗಿಗಳು ಅಳವಡಿಸಿದ ಏಕಸ್ತರ ಸಂಗ್ರಹ ವ್ಯವಸ್ಥೆಯು ಇಂದು ವರ್ಚುವಲ್ ಮೆಮೊರಿ ಎಂಬ ಹೆಸರಿನಲ್ಲಿ ಬಹುತೇಕ ಎಲ್ಲ ಗಣಕಯಂತ್ರಗಳಲ್ಲಿಯೂ, ಮೊಬೈಲ್ ಫೋನುಗಳಲ್ಲಿಯೂ ಬಳಕೆಯಲ್ಲಿದೆ. ಯಂತ್ರದ ಮುಖ್ಯ ಸ್ಮೃತಿಗಿಂತ ಎಷ್ಟೋ ಪಟ್ಟು ದೊಡ್ಡದಾದ ದತ್ತಾಂಶವನ್ನು, ಅದೆಲ್ಲವೂ ಸ್ಮೃತಿಯಲ್ಲಿಯೇ ಇದೆಯೇನೋ ಎಂಬಂತೆ ಓದಲು ಸಾಧ್ಯವಾಗಿರುವುದು ಈ ವ್ಯವಸ್ಥೆಯಿಂದ.

ಆರಂಭಿಕ ಜೀವನ

ಕಿಲ್ಬರ್ನ್ ಅವರು ಇಂಗ್ಲೆಂಡಿನ ಯಾರ್ಕ್‌ಷೈರ್ ಪ್ರಾಂತ್ಯದ ಡ್ಯೂಸ್‌ಬರಿ ಪಟ್ಟಣದಲ್ಲಿ ಜನಿಸಿದರು. ಅಲ್ಲಿನ ವ್ಹೀಲ್‌ರೈಟ್ ಗ್ರಾಮರ್ ಶಾಲೆಯಲ್ಲಿ ಓದಿ, 1940ರಲ್ಲಿ ಕೇಂಬ್ರಿಜ್‌ನ ಸಿಡ್ನಿ ಸಸೆಕ್ಸ್ ಕಾಲೇಜನ್ನು ಸೇರಿ ಗಣಿತವನ್ನು ಅಭ್ಯಾಸ ಮಾಡಿದರು. ಎರಡನೆಯ ಮಹಾಯುದ್ಧದ ಕಾರಣದಿಂದ ಅವರ ವ್ಯಾಸಂಗ ಎರಡೇ ವರ್ಷಗಳಲ್ಲಿ ಮುಗಿಯಿತು. ವಿದ್ಯುತ್, ಕಾಂತತ್ವ ಮತ್ತು ಎಲೆಕ್ಟ್ರಾನಿಕ್ಸ್ ಕುರಿತ ಅಲ್ಪಾವಧಿಯ ತರಬೇತಿಯ ಬಳಿಕ 1942ರಲ್ಲಿ ಅವರನ್ನು ಮಾಲ್ವರ್ನ್‌ನ ದೂರಸಂಪರ್ಕ ಸಂಶೋಧನಾ ಸಂಸ್ಥೆಗೆ ನಿಯೋಜಿಸಲಾಯಿತು. ರೇಡಾರ್ ಸಂಶೋಧನೆ ನಡೆಯುತ್ತಿದ್ದ ಆ ಸಂಸ್ಥೆಯಲ್ಲಿ ಫ್ರೆಡ್ರಿಕ್ ವಿಲಿಯಮ್ಸ್ ಅವರ ತಂಡದಲ್ಲಿ ಕಿಲ್ಬರ್ನ್ ಕೆಲಸ ಮಾಡಿದರು. ಎಲೆಕ್ಟ್ರಾನಿಕ್ಸ್‌ನಲ್ಲಿ ಹೆಚ್ಚಿನ ಅನುಭವವಿಲ್ಲದ ಗಣಿತದ ಪದವೀಧರನನ್ನು ಕಂಡು ವಿಲಿಯಮ್ಸ್ ಮೊದಲಿಗೆ ಅಷ್ಟೇನೂ ಉತ್ಸಾಹ ತೋರಲಿಲ್ಲವಾದರೂ ಯುದ್ಧ ಮುಗಿಯುವ ವೇಳೆಗೆ ಕಿಲ್ಬರ್ನ್ ಅವರ ನೆಚ್ಚಿನ ಸಹಾಯಕರಾಗಿದ್ದರು. 1943ರಲ್ಲಿ ಕಿಲ್ಬರ್ನ್ ಐರೀನ್ ಮಾರ್ಸ್‌ಡೆನ್ ಅವರನ್ನು ವಿವಾಹವಾದರು. ದಂಪತಿಗೆ ಒಬ್ಬ ಪುತ್ರ ಹಾಗೂ ಒಬ್ಬ ಪುತ್ರಿ.

ವಿಲಿಯಮ್ಸ್ ನಳಿಕೆ ಮತ್ತು ಬೇಬಿ

ಯುದ್ಧಾನಂತರ ಹಲವು ದೇಶಗಳಲ್ಲಿ ಗಣಕಯಂತ್ರಗಳ ನಿರ್ಮಾಣಕ್ಕೆ ಪ್ರಯತ್ನಗಳು ಆರಂಭವಾದವು. ಎಲ್ಲ ಪ್ರಯತ್ನಗಳಿಗೂ ಎದುರಾದ ತೊಡಕು ಒಂದೇ. ಲೆಕ್ಕ ಮಾಡುವ ಮಂಡಲಗಳನ್ನು ರೂಪಿಸುವುದು ತಿಳಿದಿತ್ತು. ಅವುಗಳ ವೇಗಕ್ಕೆ ಸರಿಯಾಗಿ ಸಂಖ್ಯೆಗಳನ್ನು ಒದಗಿಸಬಲ್ಲ ಸ್ಮೃತಿ ಇರಲಿಲ್ಲ. ಕ್ಯಾಥೋಡ್ ಕಿರಣ ನಳಿಕೆಯ ಪರದೆಯ ಮೇಲೆ ವಿದ್ಯುದಾವೇಶದ ಚುಕ್ಕಿಗಳಾಗಿ ಬಿಟ್‌ಗಳನ್ನು ಸಂಗ್ರಹಿಸುವ ಪ್ರಯೋಗವನ್ನು ವಿಲಿಯಮ್ಸ್ ಕೈಗೊಂಡರು. ಆವೇಶವು ಕ್ಷಣಾರ್ಧದಲ್ಲಿ ಸೋರಿಹೋಗುತ್ತಿದ್ದುದರಿಂದ ಪ್ರತಿ ಚುಕ್ಕಿಯನ್ನೂ ಮತ್ತೆ ಮತ್ತೆ ಓದಿ ಅದೇ ಸ್ಥಳದಲ್ಲಿ ಬರೆಯುತ್ತಿರಬೇಕಾಗಿತ್ತು. 1946ರ ಕೊನೆಯಲ್ಲಿ ಅವರು ಒಂದೇ ಒಂದು ಬಿಟ್ಟನ್ನು ಹೀಗೆ ಉಳಿಸಿಕೊಳ್ಳುವಲ್ಲಿ ಸಫಲರಾದರು.

ಅದೇ ವರ್ಷದ ಡಿಸೆಂಬರ್‌ನಲ್ಲಿ ವಿಲಿಯಮ್ಸ್ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದಾಗ ಕಿಲ್ಬರ್ನ್ ಅವರನ್ನೂ ಎರವಲು ಸೇವೆಯ ಮೇಲೆ ಕರೆದೊಯ್ದರು. ಒಂದು ಬಿಟ್ಟಿನಿಂದ ಮುಂದೆ ಸಾಗಿದ್ದು ಬಹುಪಾಲು ಕಿಲ್ಬರ್ನ್ ಅವರ ಶ್ರಮ. 1947ರ ಅಂತ್ಯದ ವೇಳೆಗೆ ಒಂದೇ ನಳಿಕೆಯಲ್ಲಿ 2048 ಬಿಟ್‌ಗಳು ಗಂಟೆಗಟ್ಟಲೆ ಉಳಿಯತೊಡಗಿದವು. ಆ ವರ್ಷದ ಡಿಸೆಂಬರ್ 1ರಂದು ಅವರು ಸಿದ್ಧಪಡಿಸಿದ ವರದಿಯು ಇತರ ದೇಶಗಳ ತಂಡಗಳಿಗೂ ತಲುಪಿ, ಇದೇ ಬಗೆಯ ಸ್ಮೃತಿಯನ್ನು ಅಮೆರಿಕದ ಹಲವು ಯಂತ್ರಗಳು ಅಳವಡಿಸಿಕೊಂಡವು.

ನಳಿಕೆಯು ಬಿಟ್‌ಗಳನ್ನು ಸುಮ್ಮನೆ ಹಿಡಿದಿಟ್ಟರೆ ಸಾಲದು. ಗಣನೆಯ ವೇಗದಲ್ಲಿ ಅವು ಬದಲಾಗುತ್ತಿರುವಾಗಲೂ ತಪ್ಪಿಲ್ಲದೆ ಉಳಿಯಬೇಕು. ಇದನ್ನು ಪರೀಕ್ಷಿಸಲು ಕಿಲ್ಬರ್ನ್ ಅತ್ಯಂತ ಚಿಕ್ಕದೊಂದು ಗಣಕಯಂತ್ರವನ್ನು ವಿನ್ಯಾಸಗೊಳಿಸಿದರು. ಅದರ ನಿರ್ಮಾಣದಲ್ಲಿ ಜೆಫ್ ಟೂಟಿಲ್ ಜೊತೆಯಾದರು. ನಂತರ ಬೇಬಿ ಎಂದು ಪ್ರಸಿದ್ಧವಾದ ಆ ಯಂತ್ರದ ಸ್ಮೃತಿ ತಲಾ 32 ಬಿಟ್‌ಗಳ 32 ಪದಗಳಷ್ಟು ಮಾತ್ರ, ಅಂದರೆ ಈಗಿನ ಲೆಕ್ಕದಲ್ಲಿ 128 ಬೈಟ್. (ಯಂತ್ರವು ಒಮ್ಮೆಗೆ ನಿರ್ವಹಿಸುವ ಬಿಟ್‌ಗಳ ಗುಂಪಿಗೆ ಪದ ಎಂದು ಹೆಸರು.) ಜೂನ್ 21, 1948ರಂದು ಅದು ಮೊದಲ ಬಾರಿಗೆ ಪ್ರೋಗ್ರಾಮೊಂದನ್ನು ಯಶಸ್ವಿಯಾಗಿ ನಡೆಸಿತು. ಕಿಲ್ಬರ್ನ್ ಅವರೇ ಬರೆದ 17 ಆದೇಶಗಳ ಆ ಪ್ರೋಗ್ರಾಮ್ ಒಂದು ಸಂಖ್ಯೆಯ ಅತಿ ದೊಡ್ಡ ಅಪವರ್ತನವನ್ನು ಹುಡುಕುವಂಥದ್ದು. ಕೆಲ ಸಣ್ಣ ಸಂಖ್ಯೆಗಳ ಬಳಿಕ 2,62,144 ಎಂಬ ಸಂಖ್ಯೆಯನ್ನು ನೀಡಿದಾಗ ಯಂತ್ರವು 52 ನಿಮಿಷಗಳ ಕಾಲ ಸುಮಾರು 35 ಲಕ್ಷ ಕ್ರಿಯೆಗಳನ್ನು ನಡೆಸಿ 1,31,072 ಎಂಬ ಸರಿಯಾದ ಉತ್ತರವನ್ನು ಕೊಟ್ಟಿತು.

ಬೇಬಿಯನ್ನು ಆಲನ್ ಟ್ಯೂರಿಂಗ್ ವಿನ್ಯಾಸಗೊಳಿಸಿದರೆಂದು ಜನಪ್ರಿಯ ಬರಹಗಳು ಹೇಳುವುದುಂಟು. ಇದು ಸರಿಯಲ್ಲ. ಟ್ಯೂರಿಂಗ್ ಲಂಡನ್‌ನಲ್ಲಿ ನೀಡಿದ ಉಪನ್ಯಾಸಗಳನ್ನು ಕಿಲ್ಬರ್ನ್ ಕೇಳಿದ್ದರು. ಆದರೆ ಟ್ಯೂರಿಂಗ್ ಮ್ಯಾಂಚೆಸ್ಟರ್‌ಗೆ ಬಂದದ್ದು ಯಂತ್ರ ನಡೆಯತೊಡಗಿದ ಮೇಲೆ, 1948ರ ಶರತ್ಕಾಲದಲ್ಲಿ.

ಎರಡು ಸ್ತರಗಳ ತೊಂದರೆ

ಬೇಬಿಯ ನಂತರ ಮ್ಯಾಂಚೆಸ್ಟರ್ ಮಾರ್ಕ್ 1 ಯಂತ್ರ 1949ರಲ್ಲಿ ಸಿದ್ಧವಾಯಿತು. ವಿಲಿಯಮ್ಸ್ ನಳಿಕೆ ವೇಗದ್ದು, ಆದರೆ ಚಿಕ್ಕದು. ಆದ್ದರಿಂದ ತಿರುಗುವ ಕಾಂತೀಯ ಡ್ರಮ್ಮೊಂದನ್ನು ಪೂರಕ ಸಂಗ್ರಹವಾಗಿ ಜೋಡಿಸಲಾಯಿತು. ಅಕ್ಟೋಬರ್ ವೇಳೆಗೆ ಪೂರ್ಣಗೊಂಡ ರೂಪದಲ್ಲಿ ನಳಿಕೆಗಳಲ್ಲಿ ತಲಾ 40 ಬಿಟ್‌ಗಳ 128 ಪದಗಳೂ, ಡ್ರಮ್ಮಿನಲ್ಲಿ 1024 ಪದಗಳೂ ಇದ್ದವು. ನಳಿಕೆಯ ಮೇಲೆ 32 ಸಾಲುಗಳಲ್ಲಿ ಕಾಣುತ್ತಿದ್ದ ಒಂದು ಘಟಕಕ್ಕೆ ಪುಟ ಎಂದು ಕರೆದರು. ಡ್ರಮ್ಮಿನಿಂದ ನಳಿಕೆಗೆ, ನಳಿಕೆಯಿಂದ ಡ್ರಮ್ಮಿಗೆ ಸಾಗುತ್ತಿದ್ದುದು ಈ ಪುಟಗಳ ಅಳತೆಯಲ್ಲಿಯೇ. ಸ್ಮೃತಿಯ ಸಂದರ್ಭದಲ್ಲಿ ಪುಟ ಎಂಬ ಮಾತು ಇಂದಿಗೂ ಉಳಿದಿರುವುದು ಕುತೂಹಲಕರ.

ಈ ಏರ್ಪಾಡಿನ ಭಾರವೆಲ್ಲ ಪ್ರೋಗ್ರಾಮರ್‌ನ ಮೇಲೆ ಬಿತ್ತು. ಲೆಕ್ಕದ ಯಾವ ಹಂತದಲ್ಲಿ ಯಾವ ಪುಟ ನಳಿಕೆಯಲ್ಲಿರಬೇಕು, ಅದಕ್ಕೆ ಜಾಗ ಮಾಡಲು ಯಾವುದನ್ನು ಹೊರಗೆ ಕಳುಹಿಸಬೇಕು, ಕಳುಹಿಸುವ ಪುಟದಲ್ಲಿ ಬದಲಾವಣೆ ಆಗಿದ್ದರೆ ಅದನ್ನು ಡ್ರಮ್ಮಿನಲ್ಲಿ ಎಲ್ಲಿ ಬರೆಯಬೇಕು ಎಂಬುದನ್ನೆಲ್ಲ ಮೊದಲೇ ಯೋಚಿಸಿ ಆದೇಶಗಳಾಗಿ ಬರೆಯಬೇಕಾಗಿತ್ತು. ಒಂದು ಪುಟ ತಪ್ಪಿದರೂ ಯಂತ್ರ ನಿಲ್ಲುತ್ತಿರಲಿಲ್ಲ. ತಪ್ಪು ಸಂಖ್ಯೆಗಳ ಮೇಲೆಯೇ ಲೆಕ್ಕ ಮುಂದುವರಿಸುತ್ತಿತ್ತು. ದೊಡ್ಡ ಕೋಷ್ಟಕಗಳ ಲೆಕ್ಕದಲ್ಲಿ ಗಣಿತದ ಭಾಗಕ್ಕಿಂತ ಈ ಸಾಗಾಟದ ಭಾಗವೇ ಹೆಚ್ಚು ಶ್ರಮ ಬೇಡುತ್ತಿತ್ತು. ಮಾರ್ಕ್ 1ರ ವಾಣಿಜ್ಯ ರೂಪವಾದ ಫೆರಾಂಟಿ ಮಾರ್ಕ್ 1 ಯಂತ್ರ ಫೆಬ್ರವರಿ 1951ರಲ್ಲಿ ವಿಶ್ವವಿದ್ಯಾಲಯಕ್ಕೆ ಬಂದು, ಹೊರಗಿನ ಬಳಕೆದಾರರು ಹೆಚ್ಚಿದಂತೆ ಈ ತೊಂದರೆ ಮತ್ತಷ್ಟು ಎದ್ದು ಕಂಡಿತು. 1954ರಲ್ಲಿ ಟೋನಿ ಬ್ರೂಕರ್ ರೂಪಿಸಿದ ಆಟೋಕೋಡ್ ಭಾಷೆಯು ಎರಡು ಸ್ತರಗಳನ್ನು ಬಳಕೆದಾರರಿಂದ ಮರೆಮಾಡಿತು. ಆದರೆ ಅದು ಯಂತ್ರದ ವೇಗವನ್ನು ಗಣನೀಯವಾಗಿ ಕಡಿಮೆ ಮಾಡುತ್ತಿತ್ತು. ಅದೇ ಅನುಕೂಲವನ್ನು ಯಂತ್ರಾಂಶದ ವೇಗದಲ್ಲಿ ಒದಗಿಸುವುದು ಕಿಲ್ಬರ್ನ್ ಅವರ ಮುಂದಿನ ಗುರಿಯಾಯಿತು.

ಈ ನಡುವೆ ದಶಮಾಂಶ ಬಿಂದುವಿನ ಸ್ಥಾನವನ್ನು ಯಂತ್ರವೇ ನೋಡಿಕೊಳ್ಳುವ ಮೆಗ್ ಎಂಬ ಯಂತ್ರವನ್ನು ಅವರ ತಂಡ 1954ರಲ್ಲಿ ನಿರ್ಮಿಸಿತು; ಇದು ಫೆರಾಂಟಿ ಮರ್ಕ್ಯುರಿ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. 1953ರಲ್ಲಿ ನಡೆಯತೊಡಗಿದ ಟ್ರಾನ್ಸಿಸ್ಟರ್ ಗಣಕಯಂತ್ರವೂ ಅವರ ತಂಡದ್ದೇ.

ಅಟ್ಲಾಸ್ ಮತ್ತು ಏಕಸ್ತರ ಸಂಗ್ರಹ

1956ರಲ್ಲಿ ಕಿಲ್ಬರ್ನ್ ಮ್ಯೂಸ್ ಎಂಬ ಹೆಸರಿನ ಹೊಸ ಯೋಜನೆಯನ್ನು ಆರಂಭಿಸಿದರು. ಸೆಕೆಂಡಿಗೆ ಸುಮಾರು ಹತ್ತು ಲಕ್ಷ ಆದೇಶಗಳನ್ನು ನಡೆಸುವ ಯಂತ್ರವೇ ಅದರ ಉದ್ದೇಶ. ಅಮೆರಿಕದಲ್ಲಿ ಇಂತಹ ಯಂತ್ರಗಳಿಗೆ ಸರ್ಕಾರದ ಧಾರಾಳ ನೆರವು ಇದ್ದ ಕಾಲದಲ್ಲಿ ಬ್ರಿಟನ್ನಿನಲ್ಲಿ ಕಿಲ್ಬರ್ನ್ ಅವರಿಗೆ ಅದು ದೊರೆಯಲಿಲ್ಲ. ಗಣಕಯಂತ್ರದ ಸಮಯವನ್ನು ಹೊರಗಿನವರಿಗೆ ಬಾಡಿಗೆಗೆ ಕೊಟ್ಟು ವಿಭಾಗವು ಕೂಡಿಟ್ಟಿದ್ದ ಹಣದಿಂದಲೇ ಕೆಲಸ ಮೊದಲಾಯಿತು. 1958ರ ಕೊನೆಯಲ್ಲಿ ಫೆರಾಂಟಿ ಸಂಸ್ಥೆ ಕೈಜೋಡಿಸಿದ ಬಳಿಕ ಯೋಜನೆಗೆ ಅಟ್ಲಾಸ್ ಎಂಬ ಹೆಸರು ಬಂತು. ಡಿಸೆಂಬರ್ 7, 1962ರಂದು ಭೌತವಿಜ್ಞಾನಿ ಸರ್ ಜಾನ್ ಕಾಕ್‌ಕ್ರಾಫ್ಟ್ ಅದನ್ನು ಉದ್ಘಾಟಿಸಿದರು.

ಅಟ್ಲಾಸ್‌ನ ವೇಗದ ಸ್ಮೃತಿ ಫೆರೈಟ್ ಉಂಗುರಗಳಿಂದ ಮಾಡಿದ್ದು. ತಲಾ 48 ಬಿಟ್‌ಗಳ 16,384 ಪದಗಳು ಅದರಲ್ಲಿ ಹಿಡಿಸುತ್ತಿದ್ದವು. ಇಂದಿನ ಮಾಪನದಲ್ಲಿ ಇದು 96 ಕಿಲೋಬೈಟ್. ಅದರ ಹಿಂದೆ ಒಟ್ಟು 98,304 ಪದಗಳ ಡ್ರಮ್‌ಗಳಿದ್ದವು. ಫೆರೈಟ್ ಸ್ಮೃತಿಯ ಒಂದು ಆವರ್ತಕ್ಕೆ 2 ಮೈಕ್ರೋಸೆಕೆಂಡ್ ಸಾಕು. ಡ್ರಮ್ಮಿನಲ್ಲಿ ಬೇಕಾದ ಜಾಗ ತಿರುಗಿ ಬರಲು ಸರಾಸರಿ 6 ಮಿಲಿಸೆಕೆಂಡ್ ಕಾಯಬೇಕು. ಅಂದರೆ ಒಂದು ಬಾರಿ ಡ್ರಮ್ಮಿಗೆ ಹೋದರೆ ಮೂರು ಸಾವಿರ ಸ್ಮೃತಿ ಆವರ್ತಗಳಷ್ಟು ಕಾಲ ನಷ್ಟವಾಗುತ್ತದೆ. ಎರಡೂ ಸೇರಿ ಒಂದೇ ವಿಶಾಲ ಸ್ಮೃತಿಯಂತೆ ತೋರಬೇಕು, ಆದರೆ ಅದರ ವೇಗ ಡ್ರಮ್ಮಿನದಾಗಿರದೆ ಫೆರೈಟಿನ ಸಮೀಪದಲ್ಲಿರಬೇಕು. ಇದು ಸುಲಭದ ಬೇಡಿಕೆಯಲ್ಲ.

ಕಿಲ್ಬರ್ನ್, ಡೇವಿಡ್ ಎಡ್ವರ್ಡ್ಸ್, ಮೈಕೆಲ್ ಲ್ಯಾನಿಗನ್ ಹಾಗೂ ಫ್ರ್ಯಾಂಕ್ ಸಮ್ನರ್ ಅವರು ಕಂಡುಕೊಂಡ ಪರಿಹಾರದ ತಿರುಳು, ಪ್ರೋಗ್ರಾಮ್ ಹೇಳುವ ವಿಳಾಸವನ್ನು ಸ್ಮೃತಿಯೊಳಗಿನ ನಿಜವಾದ ಸ್ಥಾನದಿಂದ ಬೇರ್ಪಡಿಸುವುದು. ಪ್ರೋಗ್ರಾಮರ್‌ಗೆ ಹತ್ತು ಲಕ್ಷಕ್ಕೂ ತುಸು ಹೆಚ್ಚು ಪದಗಳ ಅಖಂಡ ವಿಳಾಸವ್ಯಾಪ್ತಿಯನ್ನು ಕೊಡಲಾಯಿತು. ಅದನ್ನು 512 ಪದಗಳ ಪುಟಗಳಾಗಿ ವಿಭಾಗಿಸಿದರು. ಫೆರೈಟ್ ಸ್ಮೃತಿಯೂ ಅದೇ ಅಳತೆಯ 32 ಚೌಕಟ್ಟುಗಳಾಯಿತು. ಪ್ರತಿ ಚೌಕಟ್ಟಿಗೂ ಒಂದು ರಿಜಿಸ್ಟರ್ ಇದ್ದು, ಸದ್ಯ ಅಲ್ಲಿ ಯಾವ ಪುಟವಿದೆ ಎಂಬುದು ಅದರಲ್ಲಿ ದಾಖಲಾಗಿರುತ್ತಿತ್ತು. ಪ್ರೋಗ್ರಾಮ್ ಯಾವುದೇ ವಿಳಾಸವನ್ನು ಕೇಳಿದಾಗ 32 ರಿಜಿಸ್ಟರ್‌ಗಳೂ ಏಕಕಾಲದಲ್ಲಿ ಅದರ ಪುಟಸಂಖ್ಯೆಯನ್ನು ತಮ್ಮದರೊಡನೆ ಹೋಲಿಸುತ್ತಿದ್ದವು. ಹೊಂದಿಕೆಯಾದರೆ ಓದುವಿಕೆ ಮುಂದುವರಿಯುತ್ತಿತ್ತು. ಯಾವುದೂ ಹೊಂದದಿದ್ದರೆ ಯಂತ್ರವು ಪ್ರೋಗ್ರಾಮನ್ನು ತಡೆದು, ಮೇಲ್ವಿಚಾರಕ ಎಂಬ ನಿಯಂತ್ರಣ ತಂತ್ರಾಂಶಕ್ಕೆ ಅಧಿಕಾರ ಒಪ್ಪಿಸುತ್ತಿತ್ತು. ಅದು ಬೇಕಾದ ಪುಟವನ್ನು ಡ್ರಮ್ಮಿನಿಂದ ತರಿಸಿ, ತಡೆದಿದ್ದ ಆದೇಶವನ್ನೇ ಪುನಃ ನಡೆಸುತ್ತಿತ್ತು. ಪ್ರೋಗ್ರಾಮ್‌ಗೆ ಇದಾವುದರ ಅರಿವೂ ಇರುತ್ತಿರಲಿಲ್ಲ.

ವಿವರಗಳಲ್ಲಿ ತಂಡದ ಜಾಣ್ಮೆ ಕಾಣುತ್ತದೆ. ಒಂದು ಚೌಕಟ್ಟನ್ನು ಯಾವಾಗಲೂ ಖಾಲಿ ಇರಿಸಲಾಗುತ್ತಿತ್ತು. ಹೊಸ ಪುಟ ಬೇಕಾದ ಕೂಡಲೇ ಅದನ್ನು ಆ ಖಾಲಿ ಚೌಕಟ್ಟಿಗೆ ತರಲು ಆದೇಶ ಹೋಗುತ್ತಿತ್ತು. ಡ್ರಮ್ ತಿರುಗಿ ಬರುವ ಸಮಯದಲ್ಲಿ, ಮುಂದಿನ ಸರದಿಗೆ ಯಾವ ಪುಟವನ್ನು ಹೊರಗೆ ಹಾಕಬೇಕೆಂಬ ತೀರ್ಮಾನ ನಡೆಯುತ್ತಿತ್ತು. ಹೊರಹಾಕಿದ ಪುಟವನ್ನು ಹಳೆಯ ಜಾಗಕ್ಕೇ ಬರೆಯದೆ, ಡ್ರಮ್ಮಿನಲ್ಲಿ ಮೊದಲು ಎದುರಾಗುವ ಖಾಲಿ ಜಾಗಕ್ಕೆ ಬರೆಯುತ್ತಿದ್ದರು. ಬೇರೊಬ್ಬರ ಪ್ರೋಗ್ರಾಮ್‌ಗೆ ಸೇರಿದ ಪುಟವನ್ನು ಯಾರೂ ಮುಟ್ಟದಂತೆ ಪ್ರತಿ ರಿಜಿಸ್ಟರ್‌ನಲ್ಲಿಯೂ ಬೀಗದ ಬಿಟ್ಟೊಂದಿತ್ತು.

ಹೊರಹಾಕಬೇಕಾದ ಪುಟವನ್ನು ಆರಿಸುವ ಭಾಗಕ್ಕೆ ಕಲಿಕೆಯ ಪ್ರೋಗ್ರಾಮ್ ಎಂದು ಹೆಸರಿಟ್ಟರು. ಪ್ರತಿ ಪುಟವೂ ಈಗ ಎಷ್ಟು ಕಾಲದಿಂದ ಬಳಕೆಯಾಗಿಲ್ಲ, ಅದರ ಹಿಂದಿನ ಬಿಡುವು ಎಷ್ಟು ದೀರ್ಘವಾಗಿತ್ತು ಎಂಬ ಎರಡು ಸಂಖ್ಯೆಗಳನ್ನು ಅದು ಇಟ್ಟುಕೊಳ್ಳುತ್ತಿತ್ತು. ಈಗಿನ ಬಿಡುವು ಹಿಂದಿನದನ್ನು ಮೀರಿದ್ದರೆ ಆ ಪುಟದ ಕೆಲಸ ಮುಗಿದಿದೆ ಎಂದು ಭಾವಿಸಿ ಅದನ್ನು ಹೊರಹಾಕುತ್ತಿತ್ತು. ಅಂತಹುದು ಇಲ್ಲದಿದ್ದರೆ ಎಲ್ಲಕ್ಕಿಂತ ತಡವಾಗಿ ಮತ್ತೆ ಬೇಕಾಗಬಹುದಾದ ಪುಟವನ್ನು ಆರಿಸುತ್ತಿತ್ತು. ಒಂದೇ ಆವರ್ತನೆಯಲ್ಲಿ ಮತ್ತೆ ಮತ್ತೆ ಸುತ್ತುವ ಲೆಕ್ಕಗಳನ್ನು ಮನಸ್ಸಿನಲ್ಲಿಟ್ಟು ಮಾಡಿದ ಊಹೆ ಇದು. ಈ ವ್ಯವಸ್ಥೆಯನ್ನು ವಿವರಿಸುವ ನಾಲ್ವರ ಪ್ರಬಂಧ 1962ರಲ್ಲಿ ಪ್ರಕಟವಾಯಿತು.

ಇಂತಹುದೇ ಕಲ್ಪನೆಯನ್ನು ಬರ್ಲಿನ್ನಿನಲ್ಲಿ ಫ್ರಿಟ್ಸ್-ರುಡಾಲ್ಫ್ ಗುಂಟ್ಷ್ ಅವರು 1956ರ ಸುಮಾರಿಗೆ ತಮ್ಮ ಡಾಕ್ಟರೇಟ್ ಪ್ರಬಂಧದಲ್ಲಿ ಸ್ವತಂತ್ರವಾಗಿ ವಿವರಿಸಿದ್ದರು. ಕಲ್ಪನೆಯ ಮಟ್ಟದಲ್ಲಿ ಅವರದು ಮೊದಲು. ನಿತ್ಯದ ಕೆಲಸಕ್ಕೆ ಒದಗುವ ಯಂತ್ರವಾಗಿ ಮಾಡಿ ತೋರಿಸಿದ್ದು ಮ್ಯಾಂಚೆಸ್ಟರ್ ತಂಡ. ಒಟ್ಟು ಮೂರು ಅಟ್ಲಾಸ್ 1 ಯಂತ್ರಗಳು ಸ್ಥಾಪನೆಗೊಂಡವು: ಮ್ಯಾಂಚೆಸ್ಟರ್, ಲಂಡನ್ ವಿಶ್ವವಿದ್ಯಾಲಯ ಮತ್ತು ಚಿಲ್ಟನ್‌ನ ಅಟ್ಲಾಸ್ ಪ್ರಯೋಗಾಲಯಗಳಲ್ಲಿ. ವಾಣಿಜ್ಯದ ದೃಷ್ಟಿಯಿಂದ ಇದು ಸೋಲೆಂದೇ ಹೇಳಬೇಕು. ಮ್ಯಾಂಚೆಸ್ಟರ್‌ನ ಯಂತ್ರ 1971ರವರೆಗೆ ಸೇವೆಯಲ್ಲಿತ್ತು.

ವಿಭಾಗ ಮತ್ತು ಎಂಯು5

1960ರಲ್ಲಿ ಕಿಲ್ಬರ್ನ್ ಗಣಕ ಎಂಜಿನಿಯರಿಂಗ್ ಪ್ರಾಧ್ಯಾಪಕರಾದರು. 1964ರಲ್ಲಿ ಅವರ ನೇತೃತ್ವದಲ್ಲಿ ಬ್ರಿಟನ್ನಿನ ಮೊದಲ ಗಣಕವಿಜ್ಞಾನ ವಿಭಾಗ ಮ್ಯಾಂಚೆಸ್ಟರ್‌ನಲ್ಲಿ ಆರಂಭವಾಯಿತು. ಮರುವರ್ಷದಿಂದ ಪದವಿ ವಿದ್ಯಾರ್ಥಿಗಳ ಪ್ರವೇಶ ನಡೆಯಿತು. 1980ರವರೆಗೆ ಅವರೇ ವಿಭಾಗದ ಮುಖ್ಯಸ್ಥರಾಗಿದ್ದರು. ಐದನೆಯ ಯಂತ್ರವಾದ ಎಂಯು5ರ ಕೆಲಸ 1966ರಲ್ಲಿ ಮೊದಲಾಯಿತು. ಉನ್ನತ ಸ್ತರದ ಭಾಷೆಗಳಿಗೆ ಒಗ್ಗುವಂತೆ ರೂಪಿಸಿದ ಈ ಯಂತ್ರದ ವಿನ್ಯಾಸವು ಐಸಿಎಲ್ ಸಂಸ್ಥೆಯ 2900 ಸರಣಿಯ ಮೇಲೆ ಪ್ರಭಾವ ಬೀರಿತು.

ನಂತರದ ಪ್ರಭಾವ

ಅಟ್ಲಾಸ್ ಡ್ರಮ್ಮನ್ನು ಸ್ಮೃತಿಯ ವಿಸ್ತರಣೆಯಾಗಿ ಮಾಡಿತು. ಅದೇ ಉಪಾಯವನ್ನು ಕಡತಗಳಿಗೆ ಅನ್ವಯಿಸುವುದು ಮುಂದಿನ ಹೆಜ್ಜೆಯಾಗಿತ್ತು. 1960ರ ದಶಕದಲ್ಲಿ ಅಮೆರಿಕದ ಮಲ್ಟಿಕ್ಸ್ ವ್ಯವಸ್ಥೆಯಲ್ಲಿ ಕಡತವನ್ನು ವಿಳಾಸವ್ಯಾಪ್ತಿಯ ಒಂದು ಖಂಡವಾಗಿಯೇ ನೋಡಬಹುದಾಗಿತ್ತು. ಯುನಿಕ್ಸ್ ಪರಂಪರೆಯಲ್ಲಿ ಎಂಮ್ಯಾಪ್ ಎಂಬ ಸೌಲಭ್ಯವು ಇದನ್ನು ವ್ಯಾಪಕವಾಗಿ ಬಳಕೆಗೆ ತಂದಿತು. ಹಲವು ಗಿಗಾಬೈಟ್‌ಗಳ ದ್ವಿಮಾನ ಕಡತವೊಂದನ್ನು ಹೀಗೆ ವಿಳಾಸಗಳಿಗೆ ಜೋಡಿಸಿದಾಗ ಅದರ ಒಂದು ಬೈಟ್ ಕೂಡ ಕೂಡಲೇ ಸ್ಮೃತಿಗೆ ಬರಬೇಕಾಗಿಲ್ಲ. ಪ್ರೋಗ್ರಾಮ್ ಮುಟ್ಟಿದ ಪುಟ ಮಾತ್ರ ಡಿಸ್ಕಿನಿಂದ ಬರುತ್ತದೆ. ಪುಟದ ಅಳತೆ ಈಗ ಸಾಮಾನ್ಯವಾಗಿ 4096 ಬೈಟ್. ಓದಲಷ್ಟೇ ಬಳಸಿದ ಪುಟವನ್ನು ಹೊರಹಾಕುವಾಗ ಎಲ್ಲಿಯೂ ಬರೆಯುವ ಅಗತ್ಯವಿಲ್ಲ. ಅದರ ಪ್ರತಿ ಕಡತದಲ್ಲಿಯೇ ಇದೆ.

ಈ ಅನುಕೂಲಕ್ಕೆ ಒಂದು ಷರತ್ತಿದೆ. ವಿಳಾಸವ್ಯಾಪ್ತಿಯು ದತ್ತಾಂಶಕ್ಕಿಂತ ದೊಡ್ಡದಾಗಿರಬೇಕು. ಅಟ್ಲಾಸ್‌ನ ಹತ್ತು ಲಕ್ಷ ಪದಗಳ ವ್ಯಾಪ್ತಿಯು ಅದರ ಫೆರೈಟ್ ಮತ್ತು ಡ್ರಮ್ ಎರಡನ್ನೂ ಸೇರಿಸಿದರೂ ಮಿಗುವಷ್ಟು ವಿಶಾಲವಾಗಿತ್ತು. 32 ಬಿಟ್‌ಗಳ ಯಂತ್ರಗಳ ಕಾಲದಲ್ಲಿ ಈ ಅನುಪಾತ ತಲೆಕೆಳಗಾಯಿತು. ಅವುಗಳಲ್ಲಿ ಒಂದು ಪ್ರೋಗ್ರಾಮ್‌ಗೆ ಸಿಗುವ ವಿಳಾಸಗಳು ಹೆಚ್ಚೆಂದರೆ 4 ಗಿಗಾಬೈಟ್, ಅದರಲ್ಲಿಯೂ ಒಂದು ಭಾಗ ಕಾರ್ಯಾಚರಣ ವ್ಯವಸ್ಥೆಗೆ ಮೀಸಲು. ಡಿಸ್ಕಿನ ಮೇಲಿನ ಕಡತಗಳು ಅದನ್ನು ಮೀರಿ ಬೆಳೆದಾಗ ಪ್ರೋಗ್ರಾಮರ್ ಮತ್ತೆ ಕಡತವನ್ನು ತುಂಡುಗಳಾಗಿ ಜೋಡಿಸಿ, ಓದಿ, ಬಿಡಿಸಿ, ಮುಂದಿನ ತುಂಡನ್ನು ತರುವ ಕೆಲಸಕ್ಕೆ ಇಳಿಯಬೇಕಾಯಿತು. ಹೆಸರು ಬೇರೆಯಾದರೂ ಇದು ಮಾರ್ಕ್ 1ರ ಪುಟ ಸಾಗಾಟವೇ. ವಿಳಾಸಗಳಿಗೆ ಕೊರತೆಯಿಲ್ಲದ 64 ಬಿಟ್‌ಗಳ ಯಂತ್ರಗಳಲ್ಲಿಯೂ ಇದು ಪೂರ್ತಿ ಅಳಿದಿಲ್ಲ. ಜಾವಾ ಪರಿಸರದಲ್ಲಿ ವಸ್ತುಗಳಿಗೆ ಮೀಸಲಾದ ಸ್ಮೃತಿಗೆ ಗರಿಷ್ಠ ಮಿತಿ ಇರುತ್ತದೆ. ಇಡೀ ಕಡತವನ್ನು ಅದರೊಳಗೆ ಸೇರಿಸಲು ಹೊರಟ ಪ್ರೋಗ್ರಾಮ್ ಸ್ಮೃತಿ ಸಾಲದೆ ನಿಂತುಹೋಗುತ್ತದೆ. 2002ರಿಂದ ಜಾವಾದಲ್ಲಿ ಕಡತವನ್ನು ಆ ಮಿತಿಯ ಹೊರಗೆ ವಿಳಾಸಗಳಿಗೆ ಜೋಡಿಸುವ ಸೌಲಭ್ಯವಿದೆ. ಆದರೆ ಅದರ ಬಫರ್‌ಗಳಲ್ಲಿ ಸ್ಥಾನವನ್ನು ಎಣಿಸಲು 32 ಬಿಟ್‌ಗಳ ಪೂರ್ಣಾಂಕವನ್ನೇ ಬಳಸಿದ್ದರಿಂದ ಒಂದು ಬಫರ್‌ಗೆ 2,147,483,647 ಬೈಟ್‌ಗಳಿಗಿಂತ ಹೆಚ್ಚಿನದನ್ನು ಜೋಡಿಸಲಾಗದು. 10 ಗಿಗಾಬೈಟ್‌ನ ಕಡತಕ್ಕೆ ಅಂತಹ ಐದಾರು ಬಫರ್‌ಗಳಾದರೂ ಬೇಕು.

ಪುಟಗಳು ಬೇಡಿಕೆಗೆ ತಕ್ಕಂತೆ ಬರುವ ವ್ಯವಸ್ಥೆಗೆ ತನ್ನದೇ ಆದ ಅಪಾಯವೂ ಇದೆ. ಪ್ರೋಗ್ರಾಮ್‌ಗೆ ಒಂದೇ ಅವಧಿಯಲ್ಲಿ ಬೇಕಾಗುವ ಪುಟಗಳ ಸಮೂಹ ಸ್ಮೃತಿಗಿಂತ ದೊಡ್ಡದಾದರೆ, ಈಗಷ್ಟೇ ಹೊರಹಾಕಿದ್ದನ್ನೇ ಮರಳಿ ತರುವುದರಲ್ಲಿ ಯಂತ್ರದ ಸಮಯವೆಲ್ಲ ಕಳೆದುಹೋಗುತ್ತದೆ. 1968ರಲ್ಲಿ ಪೀಟರ್ ಡೆನ್ನಿಂಗ್ ಇದರ ಕಾರಣವನ್ನು ವಿಶ್ಲೇಷಿಸಿದರು. ದೊಡ್ಡ ಕಡತವನ್ನು ಆದಿಯಿಂದ ಅಂತ್ಯದವರೆಗೆ ಕ್ರಮವಾಗಿ ಓದಿದಾಗ ಬಾರದ ಈ ತೊಂದರೆ, ಅಲ್ಲಲ್ಲಿ ಹಾರಿ ಓದಿದಾಗ ಎದುರಾಗುವುದು ಇದರಿಂದಲೇ.

ವೈಯಕ್ತಿಕ ಜೀವನ ಮತ್ತು ನಿಧನ

ಕಿಲ್ಬರ್ನ್ ಮಿತಭಾಷಿ, ಪ್ರಚಾರದಿಂದ ದೂರವಿದ್ದರು. ಪ್ರತಿ ಬೇಸಿಗೆಯಲ್ಲಿ ಕುಟುಂಬದೊಂದಿಗೆ ಬ್ಲ್ಯಾಕ್‌ಪೂಲ್‌ನ ಕಡಲತೀರಕ್ಕೆ ಹೋಗುತ್ತಿದ್ದ ಅವರು, ಮ್ಯಾಂಚೆಸ್ಟರ್ ಯುನೈಟೆಡ್ ತಂಡದ ಆ ಋತುವಿನ ಮೊದಲ ಫುಟ್‌ಬಾಲ್ ಪಂದ್ಯದ ವೇಳೆಗೆ ತಪ್ಪದೆ ಮರಳುತ್ತಿದ್ದರು. 1981ರಲ್ಲಿ ನಿವೃತ್ತರಾದರು. ಬೇಬಿಯ ಸುವರ್ಣ ಮಹೋತ್ಸವದ ಅಂಗವಾಗಿ 1998ರಲ್ಲಿ ಮ್ಯಾಂಚೆಸ್ಟರ್‌ನ ವಿಜ್ಞಾನ ಮತ್ತು ಕೈಗಾರಿಕಾ ವಸ್ತುಸಂಗ್ರಹಾಲಯದಲ್ಲಿ ಆ ಯಂತ್ರದ ಪುನರ್ನಿರ್ಮಿತ ರೂಪವನ್ನು ಚಾಲನೆಗೊಳಿಸಿದಾಗ ಟೂಟಿಲ್ ಅವರೊಂದಿಗೆ ಕಿಲ್ಬರ್ನ್ ಉಪಸ್ಥಿತರಿದ್ದರು.  ಕಿಲ್ಬರ್ನ್ ಜನವರಿ 17, 2001ರಂದು ಮ್ಯಾಂಚೆಸ್ಟರ್‌ನಲ್ಲಿ ನಿಧನರಾದರು.

ಗೌರವಗಳು

1965ರಲ್ಲಿ ರಾಯಲ್ ಸೊಸೈಟಿಯ ಫೆಲೋ ಆಗಿ ಆಯ್ಕೆಯಾದ ಕಿಲ್ಬರ್ನ್ ಅವರಿಗೆ 1973ರಲ್ಲಿ ಸಿಬಿಇ ಗೌರವವೂ, 1978ರಲ್ಲಿ ರಾಯಲ್ ಪದಕವೂ ದೊರೆತವು. ಗಣಕಯಂತ್ರಗಳ ವಾಸ್ತುವಿನ್ಯಾಸಕ್ಕೆ ಮೀಸಲಾದ ಎಕರ್ಟ್–ಮಾಕ್ಲಿ ಪ್ರಶಸ್ತಿಯನ್ನು 1983ರಲ್ಲಿ ಪಡೆದರು. ಅಮೆರಿಕದ ಕಂಪ್ಯೂಟರ್ ಹಿಸ್ಟರಿ ಮ್ಯೂಸಿಯಂ 2000ದಲ್ಲಿ ಅವರನ್ನು ತನ್ನ ಫೆಲೋ ಆಗಿ ಗೌರವಿಸಿತು. ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ಗಣಕವಿಜ್ಞಾನ ವಿಭಾಗ ಇರುವ ಕಟ್ಟಡಕ್ಕೆ ಕಿಲ್ಬರ್ನ್ ಅವರ ಹೆಸರಿಡಲಾಗಿದೆ.